ಗೋಬಿಯ ಬಣ್ಣ ಹೋಯ್ತು, ಉಪ್ಪು ಉಳೀತು!

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಬಣ್ಣ ಕಣ್ಣಿಗೆ ಕಾಣುತ್ತದೆ, ಸುದ್ದಿಯಾಯಿತು. ಉಪ್ಪು ಕಾಣುವುದಿಲ್ಲವಲ್ಲ!

ಉಪ್ಪಿನ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದು ರೂಮ್‌ಮೇಟ್‌ನಿಂದಾಗಿ. ಕೆಲಸಕ್ಕೆ ಸೇರುವ ಮುನ್ನ ಮಾಡುವ ಮೆಡಿಕಲ್ ಟೆಸ್ಟ್‌ನಲ್ಲಿ 23ರ ಹುಡುಗನಿಗೆ ಬಿ.ಪಿ. 150/96. ಎರಡು ವಾರ ಬಿಟ್ಟು ಮತ್ತೆ ಬಾ ಎಂದ ಡಾಕ್ಟರ್, ‘ರಾತ್ರಿ ಊಟ ಎಲ್ಲಿ ಮಾಡ್ತೀಯಪ್ಪಾ?’ ಎಂದು ಕೇಳಿದರಂತೆ. ಒಂದು ದಿನ ನೂಡಲ್ಸ್, ಇನ್ನೊಂದು ದಿನ ಗೋಬಿ ಗಾಡಿ. ಕೈಗೆ ಬಂದ ಕೆಲಸ ಬಾಗಿಲಲ್ಲೇ ನಿಂತಿತ್ತು.

ಅಂದು ರಾತ್ರಿ ಇಬ್ಬರೂ ಲೆಕ್ಕಕ್ಕೆ ಕೂತೆವು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ದಿನಕ್ಕೆ ತಿನ್ನುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಒಂದು ಟೀ ಚಮಚಕ್ಕೂ ತುಸು ಕಡಿಮೆ. ನೂಡಲ್ಸ್ ಪ್ಯಾಕೆಟ್ ಹಿಂದಿನ ಪೋಷಕಾಂಶದ ಪಟ್ಟಿಯಲ್ಲಿ ಉಪ್ಪು ಎಂದಿರಲಿಲ್ಲ, ಸೋಡಿಯಂ ಎಂದಿತ್ತು: 100 ಗ್ರಾಂಗೆ 1,200 ಮಿ.ಗ್ರಾಂ. ನಮ್ಮದು 70 ಗ್ರಾಂ ಪ್ಯಾಕೆಟ್. ಅದರಲ್ಲಿ 840 ಮಿ.ಗ್ರಾಂ. ಸೋಡಿಯಂ ಲೆಕ್ಕವನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 2.1 ಗ್ರಾಂ. ಅವನು ತಿನ್ನುತ್ತಿದ್ದುದು ಎರಡು ಪ್ಯಾಕೆಟ್, 4.2 ಗ್ರಾಂ! ಬೆಳಗಿನ ಚಿತ್ರಾನ್ನ, ಮಧ್ಯಾಹ್ನದ ಸಾರು, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಗೋಬಿಗೆ ಲೇಬಲ್ಲೇ ಇಲ್ಲ. ಗಾಡಿ ಪಕ್ಕ ನಿಂತು ನೋಡಿದೆ. ಹಿಟ್ಟಿಗೆ ಉಪ್ಪು, ಬಾಣಲೆಗೆ ಮತ್ತೆ ಉಪ್ಪು, ಮೇಲೆ ಸೋಯಾ ಸಾಸ್, ಚಿಲ್ಲಿ ಸಾಸ್, ಟೇಸ್ಟಿಂಗ್ ಪೌಡರ್. ಒಂದು ಟೇಬಲ್ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿ.ಗ್ರಾಂ ಸೋಡಿಯಂ ಇರುತ್ತದೆ. ಹುಳಿ, ಸಿಹಿ, ಖಾರದ ನಡುವೆ ನಾಲಿಗೆಗೆ ಅದು ಗೊತ್ತೇ ಆಗುವುದಿಲ್ಲ. ‘ಅಣ್ಣಾ, ಸಾಸ್ ಕಡಿಮೆ ಹಾಕಿ’ ಎಂದೆ. ‘ಹೇಳಿದ್ರೆ ಕಡಿಮೆ ಹಾಕ್ತೀನಿ, ಯಾರೂ ಹೇಳಲ್ಲ’ ಎಂದು ನಕ್ಕರು.

ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುವ ಗಾದೆ ದೇಹಕ್ಕೂ ಸರಿ. ಹೆಚ್ಚಾದ ಸೋಡಿಯಂ ನೀರನ್ನು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಬಿ.ಪಿ.ಗೆ ಉಪ್ಪೊಂದೇ ಕಾರಣವಲ್ಲ. ತೂಕ, ವಂಶಪಾರಂಪರ್ಯವೂ ಸೇರುತ್ತವೆ. ಆದರೆ ನಾಳೆಯಿಂದಲೇ ನಮ್ಮ ಕೈಯಲ್ಲಿ ಕಡಿಮೆ ಮಾಡಲಾಗುವುದು ಉಪ್ಪನ್ನೇ.

ಈಗ ನಮ್ಮ ರೂಮಿನಲ್ಲಿ ನೂಡಲ್ಸ್ ವಾರಕ್ಕೊಮ್ಮೆ, ಒಂದೇ ಪ್ಯಾಕೆಟ್, ಅರ್ಧ ಮಸಾಲೆ ಪುಡಿ. ಉಳಿದ ದಿನ ಅನ್ನ, ಮೊಸರು, ಒಂದು ಪಲ್ಯ. ಸಂದರ್ಶನಕ್ಕೆ ಓದಿ ತಯಾರಾಗುವ ಗೆಳೆಯರೇ, ಓದುವ ಪಟ್ಟಿಗೆ ಪ್ಯಾಕೆಟ್‌ನ ಹಿಂಬದಿಯನ್ನೂ ಸೇರಿಸಿಕೊಳ್ಳಿ.