ಕ್ಲಾಸು ನಿಮ್ಮದು, ಕೀಲಿಕೈ ಯಾರ ಕೈಲಿದೆ?

ಮಧ್ಯಾಹ್ನದ ಊಟ ಆಗಿ, ಅಡುಗೆಮನೆ ಒರೆಸಿ, ಮಕ್ಕಳು ಶಾಲೆಯಿಂದ ಬರೋದಕ್ಕೆ ಇನ್ನೂ ಎರಡು ಗಂಟೆ ಇರುತ್ತಲ್ಲ, ಆ ಎರಡು ಗಂಟೆಯನ್ನೇ ದುಡಿಮೆ ಮಾಡಿಕೊಂಡ ಗೃಹಿಣಿಯರು ಈಗ ಬೇಕಾದಷ್ಟು ಮಂದಿ. ಒಬ್ಬರು ಫೋನಿನಲ್ಲೇ ಬ್ಲೌಸ್ ಕಟಿಂಗ್ ಹೇಳಿಕೊಡ್ತಾರೆ, ಇನ್ನೊಬ್ಬರು ಶೇಂಗಾ ಹೋಳಿಗೆ, ಎಣ್ಣೆಗಾಯಿ ಮಾಡೋದನ್ನ ತೋರಿಸ್ತಾರೆ, ಮತ್ತೊಬ್ಬರು ವಚನ ಹಾಡೋದನ್ನ ಕಲಿಸ್ತಾರೆ. ಕಲಿಯೋರು ಜೇವರ್ಗಿಯಲ್ಲಿರಬಹುದು, ಮದುವೆಯಾಗಿ ಪುಣೆ ಸೇರಿದ ಅಫಜಲಪುರದ ಹೆಣ್ಣುಮಗಳೂ ಇರಬಹುದು. ತಿಂಗಳಿಗೆ 200ವೋ 300ವೋ ಕೊಟ್ಟು ಸದಸ್ಯರಾದರೆ ಪಾಠ ನೋಡಬಹುದು. ಕಲಬುರಗಿ ಹೆಣ್ಣುಮಕ್ಕಳ ಜೋಳದ ರೊಟ್ಟಿಯೇ ಆನ್‌ಲೈನಿನಲ್ಲಿ ಬೆಂಗಳೂರು ತಲುಪಿ, 2025ರಲ್ಲಿ ಪ್ರಧಾನಿಗಳ ‘ಮನ್ ಕಿ ಬಾತ್’ನಲ್ಲಿ ಹೆಸರು ಪಡೀತು. ಪಾಠ ತಲುಪೋದು ಇನ್ನೂ ಸುಲಭ ಅಲ್ವಾ?

ಕಲಿಸೋದು ನಿಮಗೆ ಬರುತ್ತೆ, ಅದರಲ್ಲಿ ಅನುಮಾನವಿಲ್ಲ. ತಲೆನೋವು ಶುರುವಾಗೋದು ಬಾಗಿಲಲ್ಲಿ. ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ, ಕೊಟ್ಟವರಷ್ಟೇ ಒಳಗೆ ಬರೋ ಹಾಗೆ ನೋಡ್ಕೊಳ್ಳೋದು ಹೇಗೆ? ಭಿಶಿ ನಡೆಸೋ ಅಕ್ಕಂದಿರನ್ನ ನೋಡಿ. ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಗುರುತು ಹಾಕ್ಕೊಂಡೇ ವರ್ಷಗಟ್ಟಲೆ ಒಂದು ರೂಪಾಯಿ ಆಚೀಚೆ ಆಗದಂತೆ ನಡೆಸ್ತಾರೆ. ಆದರೆ ಭಿಶಿಗೆ ಬರೋರು ಎದುರಿಗೇ ಬಂದು ಕೂರ್ತಾರೆ, ಚಹಾ ಕುಡೀತಾರೆ. ಫೋನಿನಲ್ಲಿ ಬರೋ ಸದಸ್ಯರ ಮುಖ ನಿಮಗೆ ಕಾಣೋದಿಲ್ಲ. ಮುಖದ ಜಾಗದಲ್ಲಿ ಇರೋದು ಲಾಗಿನ್ ಮಾತ್ರ. ಆ ಲಾಗಿನ್ ಸಡಿಲವಾದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗೋದು ಬೇಡ, ಆಳಂದಕ್ಕೆ ಬನ್ನಿ.

ಅರ್ಜಿ ಹಾಕಿದವರಿಗೇ ಗೊತ್ತಿರಲಿಲ್ಲ

2023ರ ವಿಧಾನಸಭೆ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆದುಹಾಕಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ತಿರಸ್ಕೃತವಾದವು, ಆ ಹೆಸರುಗಳು ಉಳಿದವು. ವಿಚಿತ್ರ ಅಂದ್ರೆ, ಯಾರ ಹೆಸರಿನಲ್ಲಿ ಅರ್ಜಿ ಸಲ್ಲಿಕೆಯಾಗಿತ್ತೋ ಅವರಿಗೇ ಅದರ ಸುದ್ದಿ ಇರಲಿಲ್ಲ. ‘ನಾ ಯಾಕ್ರೀ ಬಾಜೂಮನಿಯವರ ಹೆಸರು ತೆಗೆಸ್ಲಿ?’ ಅಂತ ಕೇಳೋ ಪರಿಸ್ಥಿತಿ. 2023ರ ಫೆಬ್ರುವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು, ಸಿಐಡಿ ತನಿಖೆ ನಡೀತು, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನೇ ಮಾಡಿತು. ಒಂದು ಅರ್ಜಿಗೆ 80 ರೂಪಾಯಿ ಲೆಕ್ಕದಲ್ಲಿ ಈ ಕೆಲಸ ನಡೆದಿದೆ ಅಂತ ತನಿಖೆಯಲ್ಲಿ ಕಂಡುಬಂದದ್ದಾಗಿ ಪತ್ರಿಕೆಗಳು ಬರೆದವು.

ಯಾರು ಮಾಡಿಸಿದರು ಅನ್ನೋ ಪಕ್ಷಗಳ ಜಗಳ ಅವರಿಗೇ ಇರಲಿ. ನಮಗೆ ಬೇಕಾದ್ದು ಬೇರೆ. ಫೋನಿಗೆ ಬಂದ ಓಟಿಪಿ ಹಾಕಿದರೆ ‘ಈ ಫೋನ್ ಯಾರದೋ ಕೈಲಿದೆ’ ಅಂತಷ್ಟೇ ಗೊತ್ತಾಗುತ್ತೆ. ಆ ಕೈ ಯಾರದು ಅಂತ ಗೊತ್ತಾಗೋದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ ಇಂಥ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ-ಸಹಿ ಸೇರಿಸಿತು. ಬರೀ ಫೋನ್ ನಂಬರಿನ ಮೇಲೆ ಇಟ್ಟಿದ್ದ ನಂಬಿಕೆಗೆ ಇನ್ನೊಂದು ಚಿಲಕ ಬಿತ್ತು ಅನ್ನಿ. ಅಷ್ಟು ದೊಡ್ಡ ಸಂಸ್ಥೆಗೇ ಎರಡನೇ ಚಿಲಕ ಬೇಕಾದರೆ, ನಿಮ್ಮ ನೂರು ಜನರ ಹೊಲಿಗೆ ಕ್ಲಾಸಿಗೆ ಬೇಡವೇ?

ಈ ಓದು ಮುಗಿದ ಮೇಲೆ ಒಂದು ಕೆಲಸ ಮಾಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ನಂಬರ್ ಇವೆ ಅಂತ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ‘ಇದು ನನ್ನದಲ್ಲ’ ಅಂತ ತಿಳಿಸಬಹುದು. ಮನೆಯವರದ್ದನ್ನೂ ನೋಡಿಸಿ, ಅದರಲ್ಲೂ ಅತ್ತೆ ಮಾವನವರದ್ದು. ಅಂಗಡಿಯಲ್ಲಿ ಎಲ್ಲೆಲ್ಲೋ ಹೆಬ್ಬೆಟ್ಟು ಒತ್ತಿ ಬಂದಿರ್ತಾರೆ.

ಬಾಗಿಲಿಗೆ ಒಂದು ಕಾವಲು

ಈಗ ನಿಮ್ಮ ಕ್ಲಾಸಿಗೆ ಬರೋಣ. ಹತ್ತು ಇಪ್ಪತ್ತು ಜನ ಇದ್ದಾಗ ವಾಟ್ಸಾಪ್ ಗುಂಪು ಸಾಕು. ಐವತ್ತು ದಾಟಿದ ಮೇಲೆ ಯಾರನ್ನ ಸೇರಿಸಿದೆ, ಯಾರನ್ನ ತೆಗೆಯಬೇಕು ಅನ್ನೋದೇ ದಿನದ ಕೆಲಸವಾಗುತ್ತೆ. ಆಗ ಸ್ವಂತ ತಾಣ ಮಾಡಿಸೋರು ಸಾಮಾನ್ಯವಾಗಿ ವರ್ಡ್‌ಪ್ರೆಸ್ ಬಳಸ್ತಾರೆ, ಅದಕ್ಕೆ ಸದಸ್ಯತ್ವದ ಪ್ಲಗಿನ್ ಸೇರಿಸ್ತಾರೆ. ಪ್ಲಗಿನ್ ಅಂದ್ರೆ ಗಾಬರಿ ಬೇಡ, ಮಿಕ್ಸಿಗೆ ಚಟ್ನಿ ಜಾರ್ ಬೇರೆ, ರುಬ್ಬೋ ಜಾರ್ ಬೇರೆ ಇರೋ ಹಾಗೆ. ಮೆಂಬರ್‌ಪ್ರೆಸ್, ಪೇಯ್ಡ್ ಮೆಂಬರ್‌ಶಿಪ್ಸ್ ಪ್ರೊ ಅನ್ನೋವು ಇಂಥವೇ. ದುಡ್ಡು ಬಂದವರಿಗೆ ಬಾಗಿಲು ತೆರೆಯುತ್ತೆ, ಅವಧಿ ಮುಗಿದವರಿಗೆ ತಾನೇ ಮುಚ್ಚುತ್ತೆ. ‘ಅಕ್ಕಾರ, ಈ ತಿಂಗಳದ್ದು ಕೊಟ್ಟಿಲ್ಲರಿ’ ಅಂತ ನೀವು ಬಾಯಿಬಿಟ್ಟು ಕೇಳೋ ಮುಜುಗರ ತಪ್ಪುತ್ತೆ. ನನ್ನ ಕೇಳಿದರೆ ಇದಕ್ಕೇ ದುಡ್ಡು ಕೊಡಬಹುದು!

ದುಡ್ಡಿನ ಪ್ಲಗಿನ್ ಅನ್ನ ಯಾರೋ ‘ಪುಕ್ಕಟೆ ಹಾಕಿಕೊಡ್ತೀನ್ರಿ’ ಅಂದರೆ ಮಾತ್ರ ಒಪ್ಪಬೇಡಿ. ಹಾಗೆ ಹರಿದಾಡೋ ಕಳ್ಳ ಪ್ರತಿಗಳಲ್ಲಿ ಹಿಂಬಾಗಿಲು ಇಟ್ಟಿರೋದು ಹೊಸದೇನಲ್ಲ. ಅಸಲಿದ್ದನ್ನೇ ಹಾಕಿಸಿ. ಹೊಸ ಆವೃತ್ತಿ ಬಂದಾಗಲೆಲ್ಲ ಅಪ್‌ಡೇಟ್ ಮಾಡಿಸಿ. ತಾಣ ಮಾಡಿಕೊಟ್ಟ ಹುಡುಗ ಕೆಲಸ ಮುಗಿಸಿ ಹೋದ ಮೇಲೆ ಪಾಸ್‌ವರ್ಡ್ ಬದಲಿಸೋದನ್ನ ಎಷ್ಟೋ ಮಂದಿ ಮರೀತಾರೆ. ಮನೆಗೆ ಬಣ್ಣ ಹೊಡೆಯೋರ ಕೈಗೆ ಕೀಲಿ ಕೊಟ್ಟು ವಾಪಸ್ ಇಸಕೊಳ್ಳದೇ ಇರ್ತೀರಾ?

ನಿಮ್ಮ ಪಾಸ್‌ವರ್ಡ್ ಮಗನ ಹೆಸರು, ಹುಟ್ಟಿದ ವರ್ಷ ಆಗೋದು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದ ಸೇರಿಸಿ, ಉದ್ದ ಇದ್ದಷ್ಟೂ ಗಟ್ಟಿ. ನಿಮಗೆ ನೆನಪಿರುತ್ತೆ, ಬೇರೆಯವರಿಗೆ ಹೊಳೆಯೋದಿಲ್ಲ. ಬ್ಯಾಂಕಿಗೆ ಒಂದು, ಮೇಲ್‌ಗೆ ಒಂದು, ಕ್ಲಾಸಿಗೆ ಒಂದು. ಮೇಲ್‌ದು ಎಲ್ಲಕ್ಕಿಂತ ಭದ್ರವಾಗಿರಲಿ, ಯಾಕಂದ್ರೆ ಉಳಿದ ಪಾಸ್‌ವರ್ಡ್ ಮರೆತರೆ ಹೊಸದು ಬರೋದು ಅಲ್ಲಿಗೇ. ಎರಡು ಹಂತದ ಪರಿಶೀಲನೆ ಎಲ್ಲಾ ಕಡೆ ಆನ್ ಮಾಡಿ. ವಾಟ್ಸಾಪ್‌ನಲ್ಲೂ ಆರು ಅಂಕಿಯ ಪಿನ್ ಇಡೋ ಸೌಲಭ್ಯ ಇದೆ.

ಇನ್ನು ಸದಸ್ಯರು. ಒಬ್ಬರು ಸೇರಿ, ‘ನಮ್ಮ ವೈನಿಗೂ ಕೊಟ್ಟೀನ್ರಿ ಪಾಸ್‌ವರ್ಡ್, ಏನಾತು?’ ಅಂತಾರೆ. ಜಗಳ ಮಾಡಬೇಡಿ. ಒಂದು ಹೊತ್ತಿಗೆ ಒಂದೇ ಫೋನಿನಲ್ಲಿ ತೆರೆಯೋ ಹಾಗೆ ಹೊಂದಿಸೋದು ಸಾಧ್ಯವಿದೆ, ಮಾಡಿಕೊಡೋರಿಗೆ ಹೇಳಿ. ವೈನಿಗೆ ಅರ್ಧ ದರದ ಸದಸ್ಯತ್ವ ಕೊಟ್ಟರೆ ಇನ್ನೂ ಒಳ್ಳೇದು. ನೀವಂತೂ ಯಾರ ಪಾಸ್‌ವರ್ಡ್‌ನೂ ಕೇಳಬೇಡಿ, ಬರೆದಿಟ್ಟುಕೊಳ್ಳಬೇಡಿ. ಮರೆತವರು ತಾವೇ ಹೊಸದು ಹಾಕ್ಕೊಳ್ಳಲಿ.

ದುಡ್ಡು ಬಂದಿದೆಯಾ?

ಸ್ಕ್ರೀನ್‌ಶಾಟ್ ನೋಡಿ ‘ಬಂತು’ ಅನ್ನಬೇಡಿ. ಅಂಥ ಚಿತ್ರ ಮಾಡೋದು ಮಕ್ಕಳಾಟ. ನಿಮ್ಮ ಖಾತೆಯಲ್ಲಿ ಕಾಣಬೇಕು, ಆಗಲೇ ಒಳಗೆ ಬಿಡಿ. ‘ತಪ್ಪಿ 300ರ ಬದಲು 3,000 ಕಳಿಸೀನ್ರಿ, ಉಳಿದದ್ದು ವಾಪಸ್ ಹಾಕ್ರಿ’ ಅನ್ನೋ ಫೋನ್ ಬಂದರೂ ಮೊದಲು ಖಾತೆ ನೋಡಿ. ದುಡ್ಡು ಪಡೆಯೋದಕ್ಕೆ ಯುಪಿಐ ಪಿನ್ ಒತ್ತೋ ಅಗತ್ಯ ಯಾವತ್ತೂ ಇಲ್ಲ. ಒತ್ತಿ ಅಂತ ಯಾರು ಹೇಳಿದರೂ ಫೋನ್ ಇಡಿ. ಸದಸ್ಯರ ಕಾರ್ಡ್ ನಂಬರ್ ವಾಟ್ಸಾಪ್‌ನಲ್ಲಿ ತರಿಸ್ಕೊಳ್ಳೋದೂ ಬೇಡ. ರೇಜರ್‌ಪೇ ಥರದ ಪಾವತಿ ಸೇವೆ ಇಟ್ಟುಕೊಂಡರೆ ಕಾರ್ಡಿನ ವಿವರ ನಿಮ್ಮ ಕಣ್ಣಿಗೂ ಬೀಳೋದಿಲ್ಲ.

ಪ್ರತಿ ತಿಂಗಳು ತಾನಾಗೇ ಕಡಿತವಾಗೋ ಯುಪಿಐ ಆಟೋಪೇ 2020ರ ಜುಲೈನಲ್ಲಿ ಬಂತು. ಸದಸ್ಯರು ಮೊದಲ ಸಲ ಪಿನ್ ಹಾಕಿ ಒಪ್ಪಬೇಕು. ಮುಂದೆ ಕಡಿತಕ್ಕೆ 24 ಗಂಟೆ ಮುಂಚೆ ಅವರಿಗೆ ಸಂದೇಶ ಹೋಗಲೇಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಪ್ರತಿ ಸಲವೂ ಪಿನ್ ಕೇಳದೆ ಕಡಿತವಾಗೋ ಮಿತಿಯನ್ನ 2022ರ ಜೂನ್‌ನಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಿದರು. ಬೇಡ ಅನ್ನಿಸಿದ ದಿನ ಸದಸ್ಯರೇ ತಮ್ಮ ಆ್ಯಪ್‌ನಲ್ಲಿ ರದ್ದು ಮಾಡಬಹುದು. ಸೇರುವಾಗಲೇ ಇದನ್ನ ಅವರಿಗೆ ಹೇಳಿಬಿಡಿ, ‘ಹೇಳದೇ ದುಡ್ಡು ಕಟ್ ಮಾಡಿದ್ರು’ ಅನ್ನೋ ಮಾತು ಬರೋದಿಲ್ಲ.

ಇಷ್ಟಾಗಿಯೂ ಮೋಸವಾಯಿತು ಅನ್ನಿ. ಯಜಮಾನರು ಸಂಜೆ ಬರಲಿ, ಕೇಳಿ ಮಾಡೋಣ ಅಂತ ಕೂರಬೇಡಿ. 1930ಕ್ಕೆ ಆ ಕ್ಷಣ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೆದರೆ ಮಾತ್ರ ವಾಪಸ್ ಸಿಗೋ ಆಸೆ. ಕರೆ ಮಾಡುವಾಗ ವ್ಯವಹಾರದ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ, ಅದನ್ನೇ ಮೊದಲು ಕೇಳ್ತಾರೆ.