ಮಾದರಿ ವಿಮಾನದ ಮಳೆಗಾಲ

ಕೋಶವೆಂದರೆ ಸಾಹಿತ್ಯದ ವಿದ್ಯಾರ್ಥಿಗೆ ನಿಘಂಟು, ಅರಸನಿಗೆ ಬೊಕ್ಕಸ. ಬ್ಯಾಟರಿಯ ಒಂದೊಂದು ಘಟಕವನ್ನೂ ವಿಜ್ಞಾನದ ಕನ್ನಡ ವಿದ್ಯುತ್ಕೋಶವೆಂದೇ ಕರೆಯುತ್ತದೆ. ಬೊಕ್ಕಸ ಸದಾ ತುಂಬಿರಬೇಕೆಂಬುದು ರಾಜನೀತಿ. ಆದರೆ ನಮ್ಮ ಹುಡುಗರು ಹಾರಿಸುವ ಮಾದರಿ ವಿಮಾನದ ಕೋಶಕ್ಕೆ ಈ ನೀತಿ ಒಗ್ಗುವುದಿಲ್ಲ.

ಮಡಿಕೇರಿಯ ಸುತ್ತಿನಲ್ಲಿ ಈ ಆಟಕ್ಕೂ ಒಂದು ಋತುವುಂಟು. ಹುತ್ತರಿ ಕಳೆದು ಗದ್ದೆ ಕೊಯ್ಲಾದ ಮೇಲೆ ಬಯಲು ಸಿಗುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರಿನವರೆಗೆ ವಿಮಾನಕ್ಕೆ ಗೃಹವಾಸ. ಹಾರಾಟದಲ್ಲಿ ಉಳಿದುಕೊಂಡ ಎಷ್ಟೋ ಬ್ಯಾಟರಿಗಳು ಈ ವಿಶ್ರಾಂತಿಯಲ್ಲಿ ಕೆಡುವುದನ್ನು ಕಂಡಿದ್ದೇನೆ. ಮಳೆ ಕಳೆದು ಪೆಟ್ಟಿಗೆ ತೆರೆದರೆ ಪುಟ್ಟ ದಿಂಬಿನಂತೆ ಉಬ್ಬಿರುತ್ತವೆ.

ಕಾರಣ ಸರಳವಾಗಿಯೇ ಇದೆ. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಲಿಥಿಯಂ ಪಾಲಿಮರ್ ಬ್ಯಾಟರಿ. ಇದರ ಒಂದು ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗಿಳಿದರೆ ಕೋಶಕ್ಕೇ ಹಾನಿ. ತುಂಬಿಸಿ ಸುಮ್ಮನೆ ಇಟ್ಟರೆ ಒಳಗಿನ ರಾಸಾಯನಿಕ ದ್ರವ ಮೆಲ್ಲಮೆಲ್ಲನೆ ವಿಘಟಿಸಿ ಅನಿಲವಾಗುತ್ತದೆ. ಉಬ್ಬುವುದು ಅದರಿಂದಲೇ. ಆದ್ದರಿಂದ ಮಳೆಗಾಲಕ್ಕೆ ಕೋಶವೊಂದಕ್ಕೆ ಸುಮಾರು 3.8 ವೋಲ್ಟಿನಲ್ಲಿ, ಎಂದರೆ ಹೆಚ್ಚುಕಡಮೆ ಅರ್ಧ ಹೊಟ್ಟೆಯಲ್ಲಿ, ಇಡಬೇಕು. ಒಳ್ಳೆಯ ಚಾರ್ಜರಿನಲ್ಲಿ ಇದಕ್ಕೆಂದೇ ಒಂದು ಏರ್ಪಾಡಿರುತ್ತದೆ. ತಿಂಗಳಿಗೊಮ್ಮೆ ಅಳೆದು ನೋಡಿದರಾಯಿತು. ಹಿಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಆಗಾಗ ಬರಿದು ಮಾಡಿ ತುಂಬಿಸುವ ವಾಡಿಕೆಯಿತ್ತು. ಹಿರಿಯರು ಇಂದಿಗೂ ಅದನ್ನೇ ಬೋಧಿಸುತ್ತಾರೆ. ಲಿಥಿಯಮ್ಮಿಗೆ ಅದು ಅಪಥ್ಯ.

ಇನ್ನು ಇಡುವ ಜಾಗ. ಮಳೆಗಾಲದಲ್ಲಿ ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏನನ್ನಾದರೂ ಏರಿಸುವುದು ನಮ್ಮ ಮನೆಗಳ ಹಳೆಯ ಬುದ್ಧಿ. ಮೆಣಸಿಗೆ ಅದು ಹಿತ. ಬ್ಯಾಟರಿಗೆ ಶಾಖವೇ ಶತ್ರು. ತೇವ ಹೀರುವ ಪೊಟ್ಟಣವೊಂದನ್ನು ಜತೆಗಿಟ್ಟು, ತಣ್ಣನೆಯ ಒಣ ಮೂಲೆಯಲ್ಲಿ, ಮಣ್ಣಿನ ಮಡಕೆಯಲ್ಲೋ ಬೆಂಕಿ ಹತ್ತದ ಚೀಲದಲ್ಲೋ ಇಡುವುದು ಲೇಸು. ಎರಡು ತುದಿಗಳೂ ಲೋಹಕ್ಕೆ ತಾಗಬಾರದು.

ಚಾರ್ಜು ಮಾಡುವುದಕ್ಕೆ ‘ಉಣಿಸುವುದು’ ಎಂಬ ಮಾತೇ ನನಗೆ ಪ್ರಿಯ, ಅದರಲ್ಲಿ ಅವಸರವಿಲ್ಲ. 2200 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಸಾಕು, ಗಂಟೆಯೊಂದರ ಆಸುಪಾಸಿನ ಕೆಲಸ. ಮೂರು ಕೋಶಗಳಿದ್ದರೆ ಸಣ್ಣ ಬಿಳಿಯ ತಂತಿಗುಚ್ಛವನ್ನೂ ಸಿಕ್ಕಿಸಬೇಕು. ಮೂವರಿಗೂ ಸಮನಾಗಿ ಬಡಿಸುವುದು ಅದರ ಕೆಲಸ. ಅದಿಲ್ಲವಾದರೆ ಒಬ್ಬ ಹಸಿದಿರುವಾಗಲೇ ಇನ್ನೊಬ್ಬ 4.2 ವೋಲ್ಟು ದಾಟಿಯಾನು, ಬೆಂಕಿಯ ಅಪಾಯ ಅಲ್ಲಿಯೇ. ಹಾರಾಟದಿಂದ ಬಿಸಿಯಾಗಿ ಬಂದದ್ದು ಆರಿದ ಮೇಲೆಯೇ ಉಣಿಸಬೇಕು. ಉಣಿಸುವಾಗ ಬಳಿಯಲ್ಲಿ ಯಾರಾದರೂ ಇರಲೇಬೇಕು. ಮರದ ಮಾಳಿಗೆಯ ಮನೆಗಳಲ್ಲಂತೂ ಇದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ನಾಟಿ ಮುಗಿದು, ಬದಿಗಿಟ್ಟಿದ್ದ ಕೋವಿಗಳನ್ನು ಕೈಲ್ ಮುಹೂರ್ತಕ್ಕೆ ಒರೆಸಿ ಪೂಜಿಸುವ ಊರು ನಮ್ಮದು. ಬ್ಯಾಟರಿಗಳನ್ನೂ ಆ ದಿನ ಹೊರತೆಗೆದು ಒಂದೊಂದು ಕೋಶವನ್ನೂ ಅಳೆಯಲಿ. ಉಬ್ಬಿದ್ದನ್ನು ಚುಚ್ಚಬಾರದು, ಮತ್ತೆ ಉಣಿಸಲೂಬಾರದು. ತಿಪ್ಪೆಗೆಸೆಯದೆ ಎಲೆಕ್ಟ್ರಾನಿಕ್ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.