ಯಾರ ಮನುಷ್ಯ ಈ ಒಂಬುಡ್ಸ್‌ಮನ್?

ಬ್ಯಾಂಕ್ ದೂರುಗಳ ಸುದ್ದಿಯಲ್ಲಿ ನಾನು ಪದೇಪದೇ ಓದೋ ಪದ 'ಒಂಬುಡ್ಸ್‌ಮನ್'. ಇಂಗ್ಲಿಷ್ ಅಂದ್ಕೋಬೇಡಿ; ಡೆನ್ಮಾರ್ಕ್, ಸ್ವೀಡನ್ ಕಡೆಯ ಸಮಾಸಪದ. 'ಒಂಬುಡ್' ಅಂದ್ರೆ ವಹಿಸಿಕೊಟ್ಟ ಅಧಿಕಾರ, 'ಮನ್' ಅಂದ್ರೆ ಮನುಷ್ಯ. ನಡುವಿನ 'ಸ್' ನಮ್ಮ ಷಷ್ಠಿ ವಿಭಕ್ತಿ ಇದ್ದ ಹಾಗೆ. ಅಧಿಕಾರ ವಹಿಸಿದವರು ಯಾರು? ಪದ ಅದನ್ನ ಹೇಳೋದೇ ಇಲ್ಲ. ಮಜಾ ಇರೋದೇ ಅಲ್ಲಿ.

1241ರ ಡೆನ್ಮಾರ್ಕ್‌ನ ಜುಟ್‌ಲ್ಯಾಂಡ್ ಕಾನೂನಿನಲ್ಲಿ ಇವನು ರಾಜನ ಅಧಿಕಾರಿ. 1809ರ ಸ್ವೀಡನ್ ಸಂವಿಧಾನ ಅದೇ ಹೆಸರನ್ನು, ಅಧಿಕಾರಿಗಳ ಮೇಲೆ ಕಣ್ಣಿಡಲು ಸಂಸತ್ತು ಆರಿಸುವವನಿಗೆ ಕೊಟ್ಟಿತು. ಡೆನ್ಮಾರ್ಕ್ 1955ರಲ್ಲಿ ಕಾನೂನು ಪ್ರಾಧ್ಯಾಪಕ ಸ್ಟೀಫನ್ ಹುರ್ವಿಟ್ಸ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿತು. ಆದೇಶ ರದ್ದು ಮಾಡುವ ಅಧಿಕಾರ ಅವರಿಗಿರಲಿಲ್ಲ. ತಪ್ಪನ್ನು ತಪ್ಪು ಅಂತ ಬಹಿರಂಗವಾಗಿ ಹೇಳಬಹುದಿತ್ತು.

ನಮ್ಮ ಲೋಕಾಯುಕ್ತಕ್ಕೂ ಮಾದರಿ ಇದೇ. 'ಆಯುಕ್ತ' ಅಂದ್ರೆ ನೇಮಕವಾದವನು. ಯಾರಿಗಾಗಿ ಅನ್ನೋದನ್ನ ನಾವು ಹೆಸರಲ್ಲೇ ಸೇರಿಸಿದ್ವಿ: ಲೋಕ.